ಅಲ್ಪಕಾಲದ ಕೀರ್ತಿ

ಬಹುಕಾಲ ಬಾಳಿದ್ದೇ ದೊಡ್ಡದೆಂದು ಬಗೆಯುವದು ಲೋಕದ ರೂಢಿ. ಆದರೆ ಮೃಗಶಿರೆಯ ಮಳೆ ನಾಲ್ಕೇ ದಿನ ಸುರಿಯಿತೆಂದು ಒಕ್ಕಲಿಗನು ಅದನ್ನು ಹಗುರಾಗಿ ಎಣಿಸನು. ಅವನ ಬಿತ್ತಿಗೆಗೆ ಅದೇ ಆಧಾರ. ಸುನೀಲ ಜೋಶಿಯವರ ಕ್ರಿಕೆಟ್ ಜೀವನಕ್ಕೂ ಈ ಮಾತು ಒಪ್ಪುವದು.

ಜೋಶಿಯವರು 1970ನೆಯ ಇಸವಿ ಜೂನ್ 6ರಂದು ಗದಗಿನಲ್ಲಿ ಹುಟ್ಟಿದರು. ನಾರಣಪ್ಪನಿಂದ ಹೆಸರಾದ ಆ ಊರಿನ ಹುಡುಗನಿಗೆ ಚೆಂಡಿನ ಅಭ್ಯಾಸ ದೊರೆತದ್ದು ಹುಬ್ಬಳ್ಳಿಯಲ್ಲಿ. ನಸುಕಿನಲ್ಲೆದ್ದು ಸುಮಾರು 40 ಮೈಲು ದಾರಿ ಸವೆಸಿ ಹುಬ್ಬಳ್ಳಿಗೆ ಬರುವದು, ಅಭ್ಯಾಸ ಮುಗಿಸಿ ಶಾಲೆಯ ಹೊತ್ತಿಗೆ ಗದಗಿಗೆ ಮರಳುವದು: ಇದೇ ಅವನ ನಿತ್ಯಕರ್ಮವಾಯಿತು.

1995-96ರ ರಣಜಿ ಪಂದ್ಯಗಳಲ್ಲಿ ಅವರು 500ಕ್ಕೂ ಮಿಕ್ಕಿ ಓಟಗಳನ್ನೂ 50ಕ್ಕೂ ಮಿಕ್ಕಿ ಹುದ್ದರಿಗಳನ್ನೂ ಗಳಿಸಿದರು. ಕರ್ನಾಟಕಕ್ಕೆ ಆ ವರ್ಷ ವಿಜಯವೂ ದೊರೆಯಿತು. 1996ರ ಜೂನ್ 6ರಂದು, ತಮಗೆ 26 ವರ್ಷ ತುಂಬಿದ ದಿನವೇ, ಬರ್ಮಿಂಗ್‌ಹ್ಯಾಮಿನಲ್ಲಿ ಅವರು ಭಾರತದ ಪರವಾಗಿ ಮೊದಲ ಟೆಸ್ಟ್ ಪಂದ್ಯಕ್ಕೆ ಇಳಿದರು.

1999ರ ಸಪ್ಟಂಬರ 26ರಂದು ನೈರೋಬಿಯಲ್ಲಿ ದಕ್ಷಿಣ ಆಫ್ರಿಕದವರು ಅವರ ಎಡಗೈಯ ತಿರುವನ್ನು ಕಂಡರು. 10 ಓವರುಗಳಲ್ಲಿ 6 ಬರಿದು. ಕೊಟ್ಟ ಓಟಗಳು 6. ಕಿತ್ತ ಹುದ್ದರಿಗಳು 5. ಮುಂದಿನ ವರ್ಷದ ನವಂಬರದಲ್ಲಿ ಬಾಂಗ್ಲಾದೇಶವು ಢಾಕಾದಲ್ಲಿ ತನ್ನ ಮೊದಲ ಟೆಸ್ಟನ್ನಾಡಿದಾಗ ಜೋಶಿಯವರು 8 ಹುದ್ದರಿ ಪಡೆದು, 92 ಓಟ ಹೊಡೆದು, ಪಂದ್ಯಶ್ರೇಷ್ಠರೆನಿಸಿದರು.

ಆದರೆ ಅದೇ ತಿಂಗಳ ಕೊನೆಗೆ ನಾಗಪುರದಲ್ಲಿ ಆಡಿದ್ದೇ ಅವರ ಕೊನೆಯ ಟೆಸ್ಟು. ಅನಿಲ ಕುಂಬ್ಳೆಯವರ ಸ್ಥಾನ ಅಚಲವಾಗಿತ್ತು. 2001ರಲ್ಲಿ ಹರಭಜನಸಿಂಗರು ಆಸ್ಟ್ರೇಲಿಯದ ಮೇಲೆ ಮೂರೇ ಪಂದ್ಯಗಳಲ್ಲಿ 32 ಹುದ್ದರಿ ಕಿತ್ತು ತಮ್ಮ ಸ್ಥಾನವನ್ನು ಭದ್ರಗೊಳಿಸಿದರು. ಎಲ್ಲ ಸೇರಿ ಜೋಶಿಯವರ ಪಾಲಿಗೆ ಬಂದವು 15 ಟೆಸ್ಟುಗಳು, 41 ಹುದ್ದರಿಗಳು. ಒಂದೇ ಕಾಲದಲ್ಲಿ ಒಂದೇ ನಾಡಿನಲ್ಲಿ ಆಲವೂ ಬೇವೂ ಬೆಳೆದರೆ ನೆರಳಿನ ಪಾಲು ಸಮನಾಗದು.

ಇಂಥ ಸಮಯದಲ್ಲಿ ಎಷ್ಟೋ ಜನ ಆಟವನ್ನೇ ಬಿಟ್ಟು ದೈವವನ್ನು ದೂರುತ್ತ ಕೂಡುವರು. ಜೋಶಿಯವರು ಹಾಗೆ ಮಾಡಲಿಲ್ಲ. ದೊಡ್ಡ ಬಾಗಿಲು ಮುಚ್ಚಿದ ಬಳಿಕವೂ ವರ್ಷಗಟ್ಟಲೆ ನಾಡಿನ ಬಯಲುಗಳಲ್ಲಿ ಚೆಂಡನ್ನು ತಿರುಗಿಸಿದರು. 2012ರಲ್ಲಿ ನಿವೃತ್ತರಾದಾಗ ಪ್ರಥಮದರ್ಜೆಯ ಆಟದಲ್ಲಿ ಅವರ ಹುದ್ದರಿಗಳು 615. ಕುಂಬ್ಳೆಯವರು ಟೆಸ್ಟುಗಳಲ್ಲಿ ಪಡೆದವು 619. ಎರಡು ಸಂಖ್ಯೆಗಳ ತೂಕ ಒಂದೇ ಅಲ್ಲ. ಆದರೆ ಅವುಗಳ ಹಿಂದಿನ ಬೆವರಿಗೆ ಭೇದವಿಲ್ಲ.

2020ರಲ್ಲಿ ಅವರೇ ಭಾರತದ ಆಟಗಾರರನ್ನು ಆರಿಸುವ ಮಂಡಲಿಯ ಅಧ್ಯಕ್ಷರಾದರು. ಆ ಅಧಿಕಾರವೂ ವರ್ಷ ತುಂಬುವದರೊಳಗೆ ಮುಗಿಯಿತು. ಕರೆ ಬರುವದು, ನಿಲ್ಲುವದು ಪರರ ಕೈಯಲ್ಲಿ. ನಸುಕಿನಲ್ಲೇಳುವದು ಮಾತ್ರ ತನ್ನ ಕೈಯಲ್ಲಿ.