ಹನ್ನೊಂದು ಅಂಕಿಯ ಹಾರ

ದಿನಕ್ಕೆ ಎಷ್ಟು ದೊಡ್ಡ ದೊಡ್ಡ ಸಂಖ್ಯೆಗಳನ್ನ ಮುಟ್ಟುತ್ತೀವಿ ನಾವು! ಪಿಎನ್‌ಆರ್, ಆಧಾರ್, ಹೋಮ್ ಲೋನ್ ಖಾತೆ. ಒಂದನ್ನೂ ನೋಡಲ್ಲ, ತಪ್ಪದೆ ನಕಲು ಮಾಡ್ತೀವಿ ಅಷ್ಟೇ. ನಾನು ಕೂತು ನೋಡಿದ ಸಂಖ್ಯೆ ಒಂದೇ: 12345654321.

ವಾಟ್ಸಾಪ್ ಫಾರ್ವರ್ಡ್ ಅಲ್ಲ ಇದು. ಸುಮಾರು 850ರಲ್ಲಿ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಬರೆದ 'ಗಣಿತಸಾರಸಂಗ್ರಹ'ದಲ್ಲಿದೆ. ಪುಸ್ತಕದ ಶುರುವಿನಲ್ಲೇ ಅಮೋಘವರ್ಷ ನೃಪತುಂಗನ ಹೊಗಳಿಕೆ. ಹೌದು, 'ಕವಿರಾಜಮಾರ್ಗ'ದ ಅದೇ ನೃಪತುಂಗ, ಮಳಖೇಡದಿಂದ ಆಳಿದವನು. ಮಹಾವೀರ ಕೊಡುವ ಲೆಕ್ಕ ಹೀಗಿದೆ: 27994681 ಅನ್ನು 441ರಿಂದ ಗುಣಿಸು. ನೋಡೋಕೆ ಕಲ್ಲುಮಣ್ಣಿನಂಥ ಅಂಕಿಗಳು. ಗುಣಿಸಿದರೆ ಒಂದರಿಂದ ಆರಕ್ಕೆ ಏರಿ ಮತ್ತೆ ಒಂದಕ್ಕೆ ಇಳಿಯುವ ಹಾರ.

ಗುಟ್ಟು ಇಷ್ಟೇ. 441 ಅಂದರೆ 21ರ ವರ್ಗ, 27994681 ಅಂದರೆ 5291ರ ವರ್ಗ. 21ನ್ನು 5291ರಿಂದ ಗುಣಿಸಿದರೆ 111111. ಅದರ ವರ್ಗವೇ ನಮ್ಮ ಹಾರ. ಆರು ಒಂದುಗಳ ಸಾಲನ್ನು ಒಂದೊಂದು ಮನೆ ಸರಿಸಿ ಆರು ಸಲ ಬರೆದು ಕೂಡಿ: ಅಂಚಿನ ಕಂಬದಲ್ಲಿ ಒಂದೇ ಒಂದು, ನಡುವಿನದರಲ್ಲಿ ಆರು. ಒಡೆಯುತ್ತಾ ಹೋದರೆ ಕೊನೆಗೆ ಸಿಗೋದು 3, 7, 11, 13, 37, ಪ್ರತಿಯೊಂದೂ ಎರಡೆರಡು ಸಲ.

ಚೆಂದ ಸರಿ, ಆದರೆ ಪಾಠದ ಪುಸ್ತಕದಲ್ಲಿ ಇದಕ್ಕೇನು ಕೆಲಸ? ನನಗೆ ಹೊಳೆದದ್ದು ಅಕ್ಕನ ಮಗಳಿಂದ. ಆರನೇ ಕ್ಲಾಸು, ಬಸವೇಶ್ವರನಗರದಲ್ಲಿ ಹಾವನೂರು ಸರ್ಕಲ್ ಹತ್ತಿರ ಮನೆ. ಲೆಕ್ಕದಲ್ಲಿ ಪ್ರತಿ ಸಾಲಿಗೂ ತಲೆಯೆತ್ತಿ "ಸರೀನಾ?" ಅಂತಾಳೆ. ಈ ವರ್ಷ ಪರೀಕ್ಷೆಯಲ್ಲಿ ಗೊತ್ತಿದ್ದ ಲೆಕ್ಕಗಳನ್ನೂ ಖಾಲಿ ಬಿಟ್ಟು ಬಂದಳು. ತಪ್ಪು ಬರೆಯೋದಕ್ಕಿಂತ ಬರೆಯದೇ ಇರೋದು ಸೇಫ್ ಅಂತೆ. ಅಕ್ಕ ರಾತ್ರಿ ಫೋನಲ್ಲಿ ಅತ್ತಳು.

ಉತ್ತರ ಹೇಳದೆ ಮಹಾವೀರನ ಲೆಕ್ಕ ಕೊಟ್ಟೆ. ಅವಳಿಗೆ ಬಂದದ್ದು 12345554321. "ಸರೀನಾ?" ನಾನು ಬಾಯಿ ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ ಅವಳೇ ಗೊಣಗಿದಳು, "ಎಲ್ಲಾ ಮೆಟ್ಟಿಲ ಥರ ಇದೆ, ಇಲ್ಲಿ ಮಾತ್ರ ಯಾಕೆ ಮೂರು ಐದು?" ಕೂಡುವಾಗ ಎರಡು ದಶಕದ ಬದಲು ಒಂದು ಒಯ್ದಿದ್ದಳು. ಅಳಿಸಿ 6 ಬರೆದಳು. ನನಗೆ ತೋರಿಸಲೇ ಇಲ್ಲ.

ಉತ್ತರಪುಟವಿಲ್ಲ, ಮೇಷ್ಟ್ರ ಟಿಕ್ ಇಲ್ಲ. ಹಾರ ಮೂಡಿತಾ, ಲೆಕ್ಕ ಸರಿ. ಮಹಾವೀರ ಇದನ್ನು ಯೋಚಿಸಿಯೇ ಆರಿಸಿದ ಅಂತ ನನ್ನ ನಂಬಿಕೆ, ಪುರಾವೆ ಕೇಳಬೇಡಿ.

ಆಮೇಲೆ ಏಳು ಒಂದುಗಳ ವರ್ಗ ಮಾಡಿದಳು, ಎಂಟು, ಒಂಬತ್ತು. ಹತ್ತಕ್ಕೆ ಹಾರ ಕಿತ್ತುಹೋಯ್ತು: 1234567900987654321. ತಪ್ಪಾಯ್ತೇನೋ ಅಂತ ಎರಡು ಸಲ ಕೂಡಿದಳು. ಇಲ್ಲ, ದಶಕ ಒಯ್ದರೆ ಹಾಗೇ ಬರಬೇಕು. ಎಡಗಡೆ ಎಂಟು ಎಲ್ಲಿ ಹೋಯ್ತು ಅಂತ ಈಗ ಹುಡುಕ್ತಿದ್ದಾಳೆ. ಆ ಎಂಟಿಲ್ಲದ 12345679 ಕೂಡ ಮಹಾವೀರನ ಪುಸ್ತಕದಲ್ಲಿದೆ, ಒಂಬತ್ತರಿಂದ ಗುಣಿಸೋಕೆ. ನಾನಿನ್ನೂ ಹೇಳಿಲ್ಲ.