ಬ್ಯಾಟರಿಯ ಏಕಾದಶಿ

ನಮ್ಮ ಮನೆಯಲ್ಲಿ ನಾಲ್ಕು ಜನ, ಐದು ಫೋನು, ಎರಡು ಪ್ಲಗ್ಗು. ಹಾಸನದಲ್ಲಿ ನಾವಿರುವ ಈ ಬಾಡಿಗೆಯ ಮನೆಯನ್ನು ಕಟ್ಟಿಸಿದ ಪುಣ್ಯಾತ್ಮರು ಕಿಟಕಿಗಳ ವಿಷಯದಲ್ಲಿ ಧಾರಾಳಿಗಳು. ಪ್ಲಗ್ಗುಗಳ ವಿಷಯದಲ್ಲಿ ಮಾತ್ರ ಅದೇಕೋ ಬಹಳ ಕೈಹಿಡಿತ ತೋರಿಸಿದ್ದಾರೆ. ಆದುದರಿಂದ ಸಂಜೆಯಾಯಿತೆಂದರೆ ನಡುಮನೆಯಲ್ಲಿ ಒಂದು ವಾಗ್ವಾದ ಏಳುತ್ತದೆ. ಅದನ್ನು ಜಗಳವೆಂದು ಕರೆದರೆ ತಪ್ಪಾದೀತು. ನಮ್ಮ ಹೋರಾಟ ಪ್ಲಗ್ಗಿಗಾಗಿ ಅಲ್ಲ, ಸಿದ್ಧಾಂತಕ್ಕಾಗಿ.

ರಾತ್ರಿ ಫೋನನ್ನು ಚಾರ್ಜಿಗೆ ಹಾಕಿ ಮಲಗುವುದು ಒಲೆಯ ಮೇಲೆ ಹಾಲಿಟ್ಟು ಸಂತೆಗೆ ಹೋದ ಹಾಗೆ ಎಂಬುದು ನನ್ನ ಹೆಂಡತಿಯ ಮತ. ನೂರು ತುಂಬಿದ ಮೇಲೂ ಕರೆಂಟು ಒಳಕ್ಕೆ ಹರಿಯುತ್ತಲೇ ಇದ್ದು, ಬ್ಯಾಟರಿ ಉಬ್ಬಿ ಕಡೆಗೊಮ್ಮೆ ಸಿಡಿಯುತ್ತದೆ ಎಂದು ಆಕೆ ದೃಢವಾಗಿ ನಂಬಿದ್ದಾಳೆ. ನನ್ನ ಮಾವನವರು ಫೋನು ಬಿಸಿಯಾದ ಕೂಡಲೇ ಅದನ್ನು ಒಯ್ದು ಫ್ರಿಜ್ಜಿನಲ್ಲಿ ಮೊಸರಿನ ಪಾತ್ರೆಯ ಪಕ್ಕದಲ್ಲಿ ಇಡುತ್ತಾರೆ. ಒಂದು ಸಲ ಅವರ ಹಳೆಯ ಸ್ನೇಹಿತರೊಬ್ಬರು ಕರೆ ಮಾಡಿದಾಗ ಫ್ರಿಜ್ಜಿನ ಒಳಗಿನಿಂದ ಸುಪ್ರಭಾತ ಕೇಳಿಸಿ, ಕೆಲಸಕ್ಕೆ ಬರುವ ಹೆಂಗಸು ಪೊರಕೆ ಬಿಟ್ಟು ಹೊರಗೋಡಿದ್ದಳು. ಇನ್ನು ನನ್ನ ಮಗ. ತೆರೆದಿರುವ ಆಪ್‌ಗಳನ್ನು ಐದು ನಿಮಿಷಕ್ಕೊಮ್ಮೆ ಬೆರಳಿನಿಂದ ಮೇಲಕ್ಕೆ ತಳ್ಳಿ ಮುಚ್ಚುವುದು ಅವನ ವ್ರತ. ಮುಚ್ಚಿದುದನ್ನು ಮರುಗಳಿಗೆಯಲ್ಲಿ ತಾನೇ ತೆರೆಯುವುದು ಅವನ ಸ್ವಭಾವ.

ಇವರೆಲ್ಲರ ನಡುವೆ ನನ್ನದು ಏಕಾದಶಿ ಮತವಾಗಿತ್ತು. ಬ್ಯಾಟರಿ ಪೂರ್ತಿ ಉಪವಾಸವಿರಬೇಕು. ಕೊನೆಯ ತೊಟ್ಟೂ ಮುಗಿದು ಫೋನು ತಾನಾಗಿ ಕಣ್ಣುಮುಚ್ಚಬೇಕು. ಆಮೇಲೆ ದ್ವಾದಶಿಯ ಪಾರಣೆಯಂತೆ ಒಂದೇ ಪಟ್ಟಿಗೆ ನೂರರವರೆಗೆ ತುಂಬಿಸಬೇಕು. ನಡುನಡುವೆ ತಿಂಡಿ ಕೊಟ್ಟರೆ ಬ್ಯಾಟರಿಯ ಅಭ್ಯಾಸ ಕೆಡುತ್ತದೆ. ಈ ತತ್ತ್ವವನ್ನು ನಾನು ಅಧ್ಯಾಪಕರ ಕೊಠಡಿಯಲ್ಲಿ ಪ್ರತಿಪಾದಿಸಿದ್ದೇನೆ. ಹೊಳೆನರಸೀಪುರದ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ಅಪರಿಚಿತರಿಗೂ ಉಪದೇಶಿಸಿದ್ದೇನೆ. ಇಪ್ಪತ್ತು ವರ್ಷ ಪಾಠ ಹೇಳಿದವನ ಕಂಠಕ್ಕೆ ಒಂದು ದೋಷ ಅಂಟಿಕೊಳ್ಳುತ್ತದೆ: ಗೊತ್ತಿದ್ದುದನ್ನೂ ಗೊತ್ತಿಲ್ಲದುದನ್ನೂ ಅದು ಒಂದೇ ದನಿಯಲ್ಲಿ ಹೇಳುತ್ತದೆ. ಕೇಳುವವರು ತಲೆದೂಗುತ್ತಾರೆ.

ಈ ಮತದ ದೀಕ್ಷೆ ನನಗೆ ದೊರೆತುದು ಮೈಸೂರಿನಲ್ಲಿ. ಎಂ.ಎ. ಮುಗಿಸಿ ಮೊದಲ ಫೋನು ಕೊಂಡಾಗ ಅಂಗಡಿಯವನು, "ಸಾರ್, ಮೊದಲನೆ ಸಲ ಎಂಟು ಗಂಟೆ ಚಾರ್ಜಿಗೆ ಹಾಕಿ. ಆಮೇಲೆ ಪೂರ್ತಿ ಖಾಲಿ ಆಗೋವರೆಗೂ ಮುಟ್ಟಬೇಡಿ" ಎಂದಿದ್ದ. ಏಕೆ ಎಂದು ನಾನು ಕೇಳಲಿಲ್ಲ. ಅವನಿಗೂ ಯಾರೋ ಹಾಗೆಯೇ ಹೇಳಿದ್ದಿರಬೇಕು, ಅವನೂ ಕೇಳಿರಲಾರ.

ನಮ್ಮ ಅವ್ವನದು ಇದಕ್ಕಿಂತ ಹಳೆಯ ಸಂಪ್ರದಾಯ. ಅರಕಲಗೂಡು ತಾಲ್ಲೂಕಿನ ನಮ್ಮ ಹಳ್ಳಿಯ ಮನೆಯಲ್ಲಿ ಅಪ್ಪನ ರೇಡಿಯೋ ಒಂದಿತ್ತು. ಸಂಜೆಯ ವಾರ್ತೆಯ ಹೊತ್ತಿಗೆ ಅದರ ದನಿ ಕ್ಷೀಣಿಸಿದರೆ, ಮಾರನೆಯ ದಿನ ಅವ್ವ ಅದರ ಸೆಲ್ಲುಗಳನ್ನು ತೆಗೆದು ಹಪ್ಪಳ ಸಂಡಿಗೆಗಳ ಜೊತೆಯಲ್ಲಿ ಬಿಸಿಲಿಗೆ ಒಣಹಾಕುತ್ತಿದ್ದಳು. ಸೋಜಿಗವೆಂದರೆ ಸಂಜೆ ರೇಡಿಯೋ ಮತ್ತೆ ಮಾತನಾಡುತ್ತಿತ್ತು. ಅಪ್ಪ ಹೋದ ಮೇಲೆ ಒಬ್ಬಳೇ ಇರುವ ಅವಳಿಗೆ ನಾನು ಒತ್ತುಗುಂಡಿಯ ಒಂದು ಸಣ್ಣ ಫೋನು ಕೊಡಿಸಿದೆ. ಒಂದು ಸಲ ಊರಿಗೆ ಹೋಗಿ ನೋಡುತ್ತೇನೆ, ಅದು ಅಂಗಳದಲ್ಲಿ ಮೊರದ ಮೇಲೆ ಮೆಣಸಿನಕಾಯಿಗಳ ನಡುವೆ ಬಿಸಿಲು ಕಾಯುತ್ತಿದೆ!

"ಇದೇನವ್ವಾ?"

"ಕರೆಂಟಿಲ್ಲ ಕಣಪ್ಪಾ. ಅದಕ್ಕೇ ಒಸಿ ಬಿಸ್ಲಿಗಿಟ್ಟೀನಿ."

ನನಗೆ ನಗು ಬಂತು. ನಗುತ್ತಲೇ ಅವಳ ಮೂಢನಂಬಿಕೆಯನ್ನು ತಿದ್ದಿ, ಅದರ ಸ್ಥಳದಲ್ಲಿ ನನ್ನ ಏಕಾದಶಿ ಮತವನ್ನು ಪ್ರತಿಷ್ಠಾಪಿಸಿದೆ. "ನೋಡವ್ವಾ, ಕಡ್ಡಿಗಳೆಲ್ಲ ಹೋಗಿ ಪೂರ್ತಿ ಖಾಲಿಯಾಗುವ ತನಕ ಚಾರ್ಜಿಗೆ ಹಾಕಬೇಡ. ಹಾಕಿದರೆ ಬ್ಯಾಟರಿ ಹಾಳಾಗುತ್ತದೆ." ಓದಿದ ಮಗ ಹೇಳಿದ ಮಾತು, ಅವ್ವ ಮರುಮಾತಿಲ್ಲದೆ ಒಪ್ಪಿಕೊಂಡಳು.

2022ರ ಆಷಾಢದಲ್ಲಿ ಒಂದು ವಾರ ಮಳೆ ಹಿಡಿದುಕೊಂಡಿತ್ತು. ಆ ದಿನ ಸಂಜೆ ಎರಡು ಗಂಟೆಯ ಹೊತ್ತು ಕರೆಂಟು ಬಂದು ಹೋಗಿತ್ತಂತೆ. ರಾತ್ರಿ ಬಚ್ಚಲಿಗೆ ಹೋದ ಅವ್ವ ಒದ್ದೆ ಕಲ್ಲಿನ ಮೇಲೆ ಜಾರಿ ಬಿದ್ದಳು. ತೊಡೆಯ ಮೂಳೆ ಮುರಿದಿತ್ತು. ಫೋನು ಸೆರಗಿನಲ್ಲೇ ಇತ್ತು. ನನ್ನ ನಂಬರಿನ ಗುಂಡಿ ಒತ್ತಿದಾಗ ಅದು ಒಂದು ಸಲ ಮಿಣುಕಿ ಆರಿಹೋಯಿತು. ಮಳೆಯ ಸದ್ದಿನಲ್ಲಿ ಅವಳ ಕೂಗು ಯಾರಿಗೂ ಕೇಳಿಸಲಿಲ್ಲ. ಬೆಳಗ್ಗೆ ಡೇರಿಗೆ ಹಾಲು ಹಾಕಲು ಹೊರಟ ಪಕ್ಕದ ಮನೆಯಾಕೆ ಕದ ತಟ್ಟುವ ತನಕ ಅವ್ವ ಆ ತಣ್ಣನೆಯ ಕಲ್ಲಿನ ಮೇಲೆಯೇ ಇದ್ದಳು. ಅಲ್ಲಿಗೆ ಹಾಸನದಿಂದ ಒಂದು ಗಂಟೆಯ ದಾರಿ. ನಾನು ಆ ರಾತ್ರಿ ಹೊದ್ದು ಸುಖವಾಗಿ ಮಲಗಿದ್ದೆ.

ಆಸ್ಪತ್ರೆಯಲ್ಲಿ, ಸಂಕಟ ಕೋಪವಾಗಿ ಹೊರಬರುವ ಗಳಿಗೆಯಲ್ಲಿ, "ಸಂಜೆ ಕರೆಂಟಿತ್ತಲ್ಲ, ಚಾರ್ಜಿಗೆ ಹಾಕಬಾರದಿತ್ತೇ?" ಎಂದು ಅವಳನ್ನೇ ಗದರಿಸಿಬಿಟ್ಟೆ.

"ಹಾಕಾಕೆ ಹೋದೆ ಕಣಪ್ಪಾ. ಇನ್ನೂ ಒಂದು ಕಡ್ಡಿ ಇತ್ತು. ಖಾಲಿ ಆಗೋಗಂಟ ಹಾಕಬ್ಯಾಡ ಅಂತ ನೀನೇ ಹೇಳಿದ್ದೆಲ್ಲಾ" ಎಂದಳು ಅವ್ವ. ಆ ಮಾತಿನಲ್ಲಿ ದೂರು ಒಂದಿಷ್ಟೂ ಇರಲಿಲ್ಲ. ಹೇಳಿದಂತೆ ನಡೆದುಕೊಂಡೆನೆಂಬ ಸಮಾಧಾನವಿತ್ತು.

ಅವಳನ್ನು ನೋಡಲು ಬಂದ ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಮಿತ್ರರನ್ನು ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂರಿಸಿಕೊಂಡು, ಇಪ್ಪತ್ತು ವರ್ಷ ಕೇಳದಿದ್ದ ಪ್ರಶ್ನೆಯನ್ನು ಕೇಳಿದೆ: "ಪೂರ್ತಿ ಖಾಲಿಯಾಗಬೇಕು ಎನ್ನುವುದು ನಿಜವೇ?"

"ನಿಜವಾಗಿತ್ತು" ಎಂದರು ಅವರು.

1899ರಲ್ಲಿ ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ ಎಂಬಾತ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯನ್ನು ಕಂಡುಹಿಡಿದ. ಆ ಜಾತಿಯ ಬ್ಯಾಟರಿಗೆ ಒಂದು ಬಗೆಯ ನೆನಪಿತ್ತಂತೆ. ಪ್ರತಿಸಲವೂ ಅರ್ಧ ಬಳಸಿ ಅಲ್ಲಿಂದಲೇ ತುಂಬಿಸುತ್ತ ಹೋದರೆ, ಅದು ಆ ಅರ್ಧವನ್ನೇ ತನ್ನ ಮಿತಿಯೆಂದು ತಿಳಿದು ಅಲ್ಲಿಗೇ ಸುಸ್ತಾಗುವ ಸಂಭವವಿತ್ತು. ಪೂರ್ತಿ ಬರಿದು ಮಾಡಿ ತುಂಬಿಸುವುದು ಅದಕ್ಕೆ ಮದ್ದು. ಆದರೆ 1991ರಲ್ಲಿ ಸೋನಿ ಕಂಪನಿ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು. ನನ್ನ ಫೋನಿನಲ್ಲಿರುವುದೂ ಅದೇ, ಅವ್ವನ ಫೋನಿನಲ್ಲಿದ್ದುದೂ ಅದೇ. ಅದರ ಹಿಂದಿನ ಸಂಶೋಧನೆಗಾಗಿ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಎಂಬ ಮೂವರಿಗೆ 2019ರಲ್ಲಿ ನೊಬೆಲ್ ಬಹುಮಾನ ಬಂತು. ಗುಡ್‌ಇನಫ್ ಅವರಿಗೆ ಆಗ 97 ವರ್ಷ. ಈ ಹೊಸ ಬ್ಯಾಟರಿಗೆ ಆ ಹಳೆಯ ನೆನಪಿನ ಕಾಯಿಲೆ ಇಲ್ಲ. ಅದಕ್ಕೆ ಉಪವಾಸವೂ ಆಗದು, ಕಂಠಪೂರ್ತಿ ಊಟವೂ ಅಷ್ಟಾಗಿ ಒಗ್ಗದು. ಇಪ್ಪತ್ತರಿಂದ ಎಂಬತ್ತರ ನಡುವೆ ಆಗಾಗ ಇಷ್ಟಿಷ್ಟು ತಿನ್ನುವ ಮಿತಾಹಾರಿ ಅದು. ಎರಡು ಸಲ ಅರ್ಧರ್ಧ ತುಂಬಿಸಿದರೆ ಅದರ ಲೆಕ್ಕದಲ್ಲಿ ಒಂದೇ ಊಟ. ಹೊಸ ಫೋನಿಗೆ ಎಂಟು ಗಂಟೆಯ ಸಂಸ್ಕಾರವೂ ಬೇಕಿಲ್ಲ.

ಅವ್ವನ ಬಿಸಿಲಿನ ವಿಷಯವನ್ನೂ ಕೇಳಿದೆ. ಅದೂ ಬರಿಯ ಮೌಢ್ಯವಲ್ಲವಂತೆ. ರೇಡಿಯೋದ ಒಣಸೆಲ್ಲಿಗೆ ಬಿಸಿ ತಾಕಿದರೆ ಒಳಗಿನ ರಾಸಾಯನಿಕ ಕ್ರಿಯೆ ಚುರುಕಾಗಿ, ಅಳಿದುಳಿದ ಶಕ್ತಿ ಸ್ವಲ್ಪ ಹೊರಬರುತ್ತದೆ. ಲಿಥಿಯಂ ಬ್ಯಾಟರಿಗಾದರೋ ಬಿಸಿಲೇ ದೊಡ್ಡ ಶತ್ರು. ಅದರ ಆಯಸ್ಸನ್ನು ಕಾವು ತಿಂದಷ್ಟು ಬೇರೆ ಯಾವುದೂ ತಿನ್ನುವುದಿಲ್ಲ.

ಮನೆಯ ಉಳಿದ ಮತಗಳನ್ನೂ ಹೀಗೆಯೇ ಅವರ ಮುಂದಿಟ್ಟೆ. ನೂರು ತುಂಬಿದ ಕೂಡಲೇ ಫೋನು ತಾನೇ ಬಾಗಿಲು ಮುಚ್ಚಿಕೊಳ್ಳುತ್ತದೆ. ಹಾಲು ಉಕ್ಕುವ ಭಯ ಬೇಡ. ಆದರೆ ನೂರರಲ್ಲೇ ಬಹಳ ಹೊತ್ತು, ಅದೂ ದಿಂಬಿನ ಕೆಳಗೆ ಬಿಸಿಯಾಗಿ ಬಿದ್ದಿದ್ದರೆ ಬ್ಯಾಟರಿ ಬೇಗ ಮುಪ್ಪಾಗುತ್ತದೆ. ಅಷ್ಟರ ಮಟ್ಟಿಗೆ ಹೆಂಡತಿಯ ಅಂಜಿಕೆಯಲ್ಲಿ ಹುರುಳಿದೆ. ಎಂಬತ್ತಕ್ಕೇ ನಿಲ್ಲುವ ಏರ್ಪಾಡು ಈಗ ಎಷ್ಟೋ ಫೋನುಗಳಲ್ಲಿ ಉಂಟು. ಸಿಡಿಯುವ ಮಾತಿಗೂ ಬುಡವಿಲ್ಲದೆ ಇಲ್ಲ. 2016ರಲ್ಲಿ ಸ್ಯಾಮ್‌ಸಂಗ್ ಕಂಪನಿ ತನ್ನ ಗ್ಯಾಲಕ್ಸಿ ನೋಟ್ 7 ಫೋನುಗಳನ್ನು ಲೋಕದಾದ್ಯಂತ ಹಿಂದಕ್ಕೆ ತರಿಸಿಕೊಂಡಿತ್ತು. ಆದರೆ ಅಲ್ಲಿದ್ದುದು ಬ್ಯಾಟರಿಯ ರಚನೆಯ ದೋಷ, ರಾತ್ರಿ ಚಾರ್ಜಿಗೆ ಹಾಕಿದವರ ದೋಷವಲ್ಲ. ಮಾವನವರು ತಂಪನ್ನು ಬಯಸಿದುದು ಸರಿ, ಫ್ರಿಜ್ಜನ್ನು ಆರಿಸಿದುದು ತಪ್ಪು; ಹೊರಗೆ ತೆಗೆದೊಡನೆ ಒಳಗೆ ತೇವ ಕಟ್ಟುತ್ತದೆ. ಮೇಲಿನ ಕವಚ ಕಳಚಿ ನೆರಳಿನಲ್ಲಿಟ್ಟರೆ ಸಾಕು. ಮಗ ಮುಚ್ಚುವ ಆಪ್‌ಗಳನ್ನು ಫೋನು ತಾನೇ ಮಲಗಿಸಿರುತ್ತದೆ. ಮತ್ತೆ ಮತ್ತೆ ಎಬ್ಬಿಸುವುದಕ್ಕೇ ಹೆಚ್ಚು ಶಕ್ತಿ ಬೇಕು.

ನನ್ನನ್ನು ಹೆಚ್ಚು ನಾಚಿಸಿದುದು ರಸಾಯನಶಾಸ್ತ್ರವಲ್ಲ, ನನ್ನ ವ್ಯಾಕರಣ. ಹದಿಮೂರನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣವನ್ನು ನಾನು ಪ್ರತಿವರ್ಷವೂ ಪಾಠ ಹೇಳುತ್ತೇನೆ. ಹೇಳುವಾಗ ತಪ್ಪದೆ ಒಂದು ಎಚ್ಚರಿಕೆಯನ್ನೂ ಕೊಡುತ್ತೇನೆ: ಈ ಸೂತ್ರಗಳು ಸುಳ್ಳಲ್ಲ, ಅಂದಿನ ಕನ್ನಡಕ್ಕೆ ಸತ್ಯ, ಱ, ೞ ಅಕ್ಷರಗಳು ಬಳಕೆಯಿಂದ ಬಿದ್ದುಹೋದ ಮೇಲೆ ಅವುಗಳ ನಿಯಮವನ್ನು ಇಂದಿನ ಬರವಣಿಗೆಯ ಮೇಲೆ ಹೇರಿ ಯಾರನ್ನೂ ದಂಡಿಸಬೇಡಿ, ಎಂದು. ಸೂತ್ರಕ್ಕೆ ಕಾಲವುಂಟೆಂದು ಇತರರಿಗೆ ಬೋಧಿಸುವ ನಾನು, ನಿಕಲ್ಲಿನ ಸೂತ್ರವನ್ನು ಲಿಥಿಯಂ ಮೇಲೆ ಹೇರಿದೆ. ಅವ್ವನ ನಂಬಿಕೆ ಹಳೆಯದೆಂದು ನಕ್ಕೆ. ನನ್ನದೂ ಅಷ್ಟೇ ಹಳತು ಎಂಬುದು ಹೊಳೆಯಲಿಲ್ಲ. ಅವಳಾದರೂ ತನ್ನ ನಂಬಿಕೆಯನ್ನು ಸಂಜೆ ರೇಡಿಯೋ ಹಾಕಿ ಪರೀಕ್ಷಿಸಿದ್ದಳು. ನಾನು ಅದನ್ನೂ ಮಾಡಿರಲಿಲ್ಲ.

ಇನ್ನೂ ಒಂದು ಮಾತು. ನಾನು ಅಷ್ಟು ಮುತುವರ್ಜಿಯಿಂದ ಕಾಪಾಡಹೊರಟದ್ದು ಏನನ್ನು? ಕೆಲವು ನೂರು ರೂಪಾಯಿಗೆ ಹೊಸದು ಸಿಗುವ ಒಂದು ಬ್ಯಾಟರಿಯ ಆಯಸ್ಸನ್ನು. ಎಷ್ಟು ಉಪಚಾರ ಮಾಡಿದರೂ ಅದು ಸವೆಯತಕ್ಕದ್ದೇ. ಯೂರೋಪ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಮಾರುಕಟ್ಟೆಗೆ ಬರುವ ಸ್ಮಾರ್ಟ್‌ಫೋನುಗಳ ಬ್ಯಾಟರಿ 800 ಸಲ ತುಂಬಿ ಬರಿದಾದ ಮೇಲೂ ಮೊದಲಿನ ನೂರಕ್ಕೆ ಎಂಬತ್ತು ಭಾಗದಷ್ಟು ಶಕ್ತಿಯನ್ನು ಉಳಿಸಿಕೊಂಡಿರಬೇಕೆಂದು ಕಾಯಿದೆಯಾಗಿದೆ. ಸವೆಯುವುದಿಲ್ಲವೆಂದು ಯಾವ ಕಾಯಿದೆಯೂ ಹೇಳಲಾರದು. ಒಂಟಿಯಾಗಿರುವ ಮುದುಕಿಯ ಕೈಯಲ್ಲಿ ಫೋನು ಇರುವುದು ಬ್ಯಾಟರಿ ನೂರು ವರ್ಷ ಬಾಳಲಿ ಎಂದಲ್ಲ; ಒಂದು ರಾತ್ರಿ ಒಂದು ಕರೆ ಹೋಗಲಿ ಎಂದು.

ಅವ್ವ ಈಗ ಕೋಲೂರಿಕೊಂಡು ಓಡಾಡುತ್ತಾಳೆ. ನಮ್ಮೊಂದಿಗೆ ಹಾಸನದಲ್ಲೇ ಇರೆಂದರೆ ಕೇಳಲಿಲ್ಲ. ಆರು ತಿಂಗಳಿದ್ದು ಹಸು ಕರು ನೆನೆದುಕೊಂಡು ಹಳ್ಳಿಗೆ ಹೊರಟುಬಿಟ್ಟಳು. ಹೊರಡುವ ಮುನ್ನ ಹೊಸ ಉಪದೇಶ ಮಾಡಿದೆ: "ಕರೆಂಟು ಇದ್ದಾಗಲೆಲ್ಲ ಹಾಕು ಅವ್ವಾ. ಎಷ್ಟು ಕಡ್ಡಿಯಾದರೂ ಇರಲಿ." ಅವ್ವ ನನ್ನ ಮುಖವನ್ನೇ ನೋಡಿ, "ಈ ಕಿತ ವಿಚಾರಿಸ್ಕೊಂಡು ಹೇಳ್ತಿದ್ದೀಯೇನಪ್ಪಾ?" ಎಂದಳು.

"ಹೂಂ ಅವ್ವಾ, ವಿಚಾರಿಸಿದ್ದೇನೆ" ಎಂದೆ.

ಈಗ ಪ್ರತಿರಾತ್ರಿ ಎಂಟು ಗಂಟೆಗೆ ನಾನೇ ಕರೆ ಮಾಡುತ್ತೇನೆ. ಉಂಡೆಯಾ ಎಂದು ಅವಳು ಕೇಳುತ್ತಾಳೆ. ಎಷ್ಟು ಕಡ್ಡಿ ಇದೆ ಎಂದು ನಾನು ಕೇಳುತ್ತೇನೆ.