ಮುಚ್ಚಿಟ್ಟ ಲ್ಯಾಪ್‌ಟಾಪ್

ಸಹೋದರಿಯರೇ, ಮಾಡದ ಕೆಲಸಕ್ಕೆ ನೀವೆಂದಾದರೂ ಹೆಮ್ಮೆಪಟ್ಟಿದ್ದೀರಾ? ನಾನು ಪಟ್ಟಿದ್ದೇನೆ, ಅದೂ ಪೂರ್ತಿ ಆರು ತಿಂಗಳು.

2020ರ ಲಾಕ್‌ಡೌನಿನಲ್ಲಿ ಹಾಸ್ಟೆಲಿನಿಂದ ಮನೆಗೆ ಬಂದಿದ್ದ ಮಗಳು ನನ್ನ ಲ್ಯಾಪ್‌ಟಾಪಿಗೆ ‘ಬೋಯಿಂಕ್’ ಎಂಬ ತಂತ್ರಾಂಶ ಹಾಕಿದಳು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾನಿಲಯದಲ್ಲಿ ತಯಾರಾದ ಇದು ಉಚಿತ. ವಿಜ್ಞಾನಿಗಳ ದೊಡ್ಡ ಲೆಕ್ಕಗಳನ್ನು ತುಂಡು ತುಂಡಾಗಿಸಿ ಮನೆಮನೆಯ ಕಂಪ್ಯೂಟರುಗಳಿಗೆ ಹಂಚಲಾಗುತ್ತದೆ. ಅವು ಬಿಡುವಿನಲ್ಲಿ ಲೆಕ್ಕ ಮಾಡಿ ಉತ್ತರ ಕಳುಹಿಸುತ್ತವೆ. ನಾವು ಸೇರಿದ್ದು ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ‘ರೊಸೆಟ್ಟಾ ಅಟ್ ಹೋಮ್’ ಯೋಜನೆಗೆ. ಪ್ರೋಟೀನುಗಳ ಆಕಾರ ಲೆಕ್ಕ ಹಾಕುವ ಆ ಯೋಜನೆ ಆಗ ಕೊರೋನಾ ವೈರಸ್ಸಿನ ಪ್ರೋಟೀನುಗಳನ್ನೂ ಕೈಗೆತ್ತಿಕೊಂಡಿತ್ತು. ಆ ರೋಗಕ್ಕೆ ಅಣ್ಣನನ್ನು ಕಳೆದುಕೊಂಡಿದ್ದ ನನಗೆ, ಇಷ್ಟಾದರೂ ಮಾಡುತ್ತಿದ್ದೇನೆಂಬ ಸಮಾಧಾನ.

ಮಗಳು ಹಾಸ್ಟೆಲಿಗೆ ಮರಳಿದ ಮೇಲೆ, ರಾತ್ರಿ ಪಾಠದ ತಯಾರಿ ಮುಗಿಸಿ, ಚಾರ್ಜರ್ ಸಿಕ್ಕಿಸಿ, ಧೂಳು ಬೀಳದಂತೆ ಲ್ಯಾಪ್‌ಟಾಪ್ ಮುಚ್ಚಿಡುತ್ತಿದ್ದೆ. ಸದ್ದಿಲ್ಲ, ಬಿಸಿಯಿಲ್ಲ. ಎಷ್ಟು ಸಾಧು ಯಂತ್ರವೆಂದುಕೊಂಡೆ. ಸ್ಟಾಫ್ ರೂಮಿನಲ್ಲೂ ಹೇಳಿಕೊಂಡೆ.

ಒಂದು ದಿನ ಮಗಳ ಫೋನ್. “ಉಮ್ಮಾ, ನಮ್ಮ ಖಾತೆಯಲ್ಲಿ ಅಂಕ ಏರುತ್ತಲೇ ಇಲ್ಲವಲ್ಲ?” ಮಾಡಿಕೊಟ್ಟ ಲೆಕ್ಕಕ್ಕೆ ತಕ್ಕಂತೆ ಅಂಕ ಸೇರುತ್ತದೆ. ನಾನು ಮುಚ್ಚಿಡುವ ಸಂಗತಿ ತಿಳಿದು ಅವಳು ನಕ್ಕಳು. “ಮುಚ್ಚಿದರೆ ಅದು ನಿದ್ದೆ ಹೋಗುತ್ತದೆ ಉಮ್ಮಾ!” ಹಗಲಲ್ಲಿ ನಾನು ಬಳಸುತ್ತಿದ್ದುದು ಬ್ಯಾಟರಿಯಲ್ಲಿ. ಬ್ಯಾಟರಿಯಲ್ಲಿರುವಾಗಲೂ ಅದು ತಾನಾಗಿಯೇ ಕೆಲಸ ನಿಲ್ಲಿಸುತ್ತದಂತೆ. ನನಗೆ ನಗು ಬರಲಿಲ್ಲ. ಅಣ್ಣನ ಹೆಸರಿನಲ್ಲಿ ನಾನು ಏನನ್ನೂ ಮಾಡಿರಲಿಲ್ಲ.

ಫೋನಿನಲ್ಲೇ ಅವಳು ಪರೀಕ್ಷಿಸುವ ಕ್ರಮ ಕಲಿಸಿದಳು. ಪರದೆಯ ಕೆಳಗೆ, ಗಡಿಯಾರದ ಪಕ್ಕದ ಪುಟ್ಟ ಚಿಹ್ನೆಗಳಲ್ಲಿ ಬೋಯಿಂಕ್ ಇದೆಯೇ ನೋಡಬೇಕು. ಇದ್ದ ಮಾತ್ರಕ್ಕೆ ಕೆಲಸ ನಡೆಯುತ್ತಿದೆ ಎಂದಲ್ಲ. ತೆರೆದು, ಕೆಲಸದ ಮುಂದೆ ‘ರನ್ನಿಂಗ್’ ಎಂದಿದೆಯೋ ‘ಸಸ್ಪೆಂಡೆಡ್’ ಎಂದಿದೆಯೋ ಓದಬೇಕು. ಟಾಸ್ಕ್ ಮ್ಯಾನೇಜರಿನಲ್ಲಿ ಯಾವ ತಂತ್ರಾಂಶ ಸಿಪಿಯುವಿನ ಎಷ್ಟು ಪಾಲು ಬಳಸುತ್ತಿದೆಯೆಂಬುದೂ ಕಾಣುತ್ತದೆ.

ಆ ರಾತ್ರಿ ಲ್ಯಾಪ್‌ಟಾಪ್ ತೆರೆದೇ ಇಟ್ಟು, ಅದು ನಿದ್ದೆ ಹೋಗದಂತೆ ಸೆಟ್ಟಿಂಗ್ ಬದಲಿಸಿದೆ. ಸ್ವಲ್ಪ ಹೊತ್ತಿಗೆ ಫ್ಯಾನ್ ಸದ್ದು ಮಾಡತೊಡಗಿತು, ಮೈ ಬೆಚ್ಚಗಾಯಿತು. ಕರೆಂಟ್ ಬಿಲ್ಲೂ ಸ್ವಲ್ಪ ಏರಿತು. ದುಡಿಮೆಗೆ ಖರ್ಚಿದೆ ತಾನೇ? ಆದ್ದರಿಂದಲೇ ಶಾಲೆಯ ಕಂಪ್ಯೂಟರಿಗೆ ಇದನ್ನು ಕೇಳದೆ ಹಾಕಬಾರದೆಂದೂ ಅರ್ಥವಾಯಿತು.

ಮರುದಿನ ಸ್ಟಾಫ್ ರೂಮಿನಲ್ಲಿ ನಿಜ ಹೇಳಿದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಸಹೋದರಿಯರೇ, ಒಳ್ಳೆಯ ಕೆಲಸವನ್ನು ಆರಂಭಿಸಿಟ್ಟು ಮರೆಯಬೇಡಿ. ಅದು ನಡೆಯುತ್ತಿದೆಯೇ ಎಂದು ಆಗಾಗ ಮುಚ್ಚಳ ತೆಗೆದು ನೋಡಿ.